ಗಣಪತಿಗೂ ಲಕ್ಷ್ಮಿಗೂ ನಡುವಿನ ಠರಾವು

ನಾಶಿಕದಲ್ಲಿ ವಾಸಣ್ಣನ ಹೋಟೆಲಿನ ಗಲ್ಲಾದ ಹಿಂದೆ, ಗೋಡೆಯ ಮೇಲೆ ಒಂದು ಗಣಪತಿಯ ಪಟ, ಒಂದು ಲಕ್ಷ್ಮಿಯ ಪಟ, ಎರಡರ ನಡುವೆ ಕಟ್ಟು ಹಾಕಿಸಿದ ಒಂದು ಕಾಗದ ಇರುತ್ತಿತ್ತು. ದಿನಾ ಬೆಳಿಗ್ಗೆ ಮೂರಕ್ಕೂ ಊದುಬತ್ತಿ, ಮೂರಕ್ಕೂ ಹೂವು, ಮೂರಕ್ಕೂ ಕುಂಕುಮ. ಆ ಕಾಗದದ ಮೇಲಿನ ದುಂಡನೆಯ ಅಕ್ಷರ ನನ್ನದು. ನಿವೃತ್ತಿಗೆ ಎರಡೇ ವರ್ಷ ಉಳಿದಿದ್ದಾಗ ಅದೇ ಕಾಗದದ ದೆಸೆಯಿಂದ ನನ್ನ ನೌಕರಿ ಹೋಗುವುದರಲ್ಲಿತ್ತು.

ಹೋದ ತಿಂಗಳು ಸಾಯಲಿ ಎಂಬ ಹುಡುಗಿ ಸಂಭಾಜಿನಗರದ ನಮ್ಮ ಮನೆಗೆ ಬಂದಿದ್ದಳು. ನಾನು ಬಿಟ್ಟುಬಂದ ಕಚೇರಿಗೆ ಹೊಸದಾಗಿ ಸೇರಿದವಳು. ಕೈಯಲ್ಲಿ ನೋಟ್‌ಬುಕ್ಕು, ಮುಖದ ಮೇಲೆ ಪರೀಕ್ಷೆ ಪಾಸಾದವರ ಗಾಂಭೀರ್ಯ. "ಮ್ಯಾಡಮ್, ಪುಸ್ತಕಾತ್ ನಾಹೀ ತೇ ಸಾಂಗಾ" ಎಂದಳು. ಪುಸ್ತಕದಲ್ಲಿ ಇಲ್ಲದ್ದನ್ನು ಹೇಳಿ ಎಂದು. ಪುಸ್ತಕದೊಳಗೆ ಇಲ್ಲ ನಿಜ, ಆದರೆ ಹೊದಿಕೆಯ ಮೇಲೆ ಇದೆ ತಾಯಿ ಎಂದು ನಾನು ನಗತೊಡಗಿದೆ. ನನಗೆ ನಗು ಶುರುವಾದರೆ ನಿಲ್ಲುವುದಿಲ್ಲ. ಹೆದರಿಕೆಯಾದರೂ ನಗುವೇ ಬರುತ್ತದೆ. ಧಾರವಾಡದಲ್ಲಿ ಕನ್ನಡ ಶಾಲೆಯ ಮಾಸ್ತರರು ಛಡಿ ಎತ್ತಿದಾಗಲೂ ನಗುತ್ತಿದ್ದೆ, ಅದಕ್ಕೆ ಇನ್ನೊಂದು ಏಟು ಬೀಳುತ್ತಿತ್ತು. ಈ ಸ್ವಭಾವ ಇಟ್ಟುಕೊಂಡು ಸರಕಾರದಲ್ಲಿ ಮೂವತ್ತು ವರ್ಷ ಕಳೆದೆನೆಂಬುದೇ ಒಂದು ಪವಾಡ. ಬಡ್ತಿಗಳ ವಿಷಯ ಸರ್ವಿಸ್ ಬುಕ್ಕಿನಲ್ಲಿದೆ, ಬೇಕಾದವರು ಅಲ್ಲಿ ಓದಿಕೊಳ್ಳಲಿ. ಸಾಯಲಿಗೂ ಅವಳ ಓರಗೆಯವರಿಗೂ ಉಪಯೋಗ ಆಗುವುದು ನನ್ನ ತಪ್ಪುಗಳೇ, ಅವನ್ನೇ ಬರೆಯುತ್ತೇನೆ.

ನಮ್ಮ ಕಚೇರಿಯ ಕೆಲಸ ಎರಡು. ವ್ಯಾಪಾರಿಗಳು ಒಳಗೊಳಗೇ ಮಾತಾಡಿಕೊಂಡು ಬೆಲೆ ಕಟ್ಟುತ್ತಾರೋ ಎಂದು ನೋಡುವುದು ಒಂದು. ಕೊಳ್ಳುವವರಿಗೆ ಮೋಸವಾಗುತ್ತದೋ ಎಂದು ನೋಡುವುದು ಇನ್ನೊಂದು. ಮೊದಲನೆಯದಕ್ಕೆ ಸ್ಪರ್ಧಾ ಕಾನೂನು ಎನ್ನುತ್ತಾರೆ, ಎರಡನೆಯದಕ್ಕೆ ಗ್ರಾಹಕ ರಕ್ಷಣೆ. ನಾನು ಅನುವಾದಕಿಯಾಗಿ ಬೇರೊಂದು ಇಲಾಖೆಯಿಂದ ಇಲ್ಲಿಗೆ ಬಂದವಳು. ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷು ನಾಲ್ಕೂ ಬರುತ್ತವೆ ಎಂಬ ಒಂದೇ ಕಾರಣಕ್ಕೆ ವಿದೇಶದ 'ತಾಂತ್ರಿಕ ನೆರವು' ಯೋಜನೆ ನನ್ನ ಕೊರಳಿಗೆ ಬಿತ್ತು.

ತಾಂತ್ರಿಕ ನೆರವು ಎಂದರೆ ದುಡ್ಡಲ್ಲ, ಯಂತ್ರವೂ ಅಲ್ಲ. ಈ ಕಾನೂನನ್ನು ಬಹಳ ವರ್ಷ ನಡೆಸಿದ ದೇಶದಿಂದ ಒಬ್ಬರು ಬಂದು ನಮಗೆ ಕಲಿಸುವುದು, ಅಷ್ಟೆ. ಆದರೆ ಸಂಭಾಜಿನಗರದ ಚಿಕಲಠಾಣಾದಲ್ಲಿದ್ದ ನಮ್ಮ ಕಚೇರಿಯ ವಾಚ್‌ಮನ್ ಆ ಎರಡು ಶಬ್ದ ಕೇಳಿ ಹಿಂದಿನ ಶೆಡ್ಡನ್ನು ಖಾಲಿ ಮಾಡಿಸಿ, ಗುಡಿಸಿ, ಸಿಮೆಂಟಿನ ಕಟ್ಟೆ ಬೇರೆ ಕಟ್ಟಿಸಿದ್ದ. ಕಲಿಸಲು ಬಂದ ಇಂಗ್ರಿಡ್ ಜೀಪಿನಿಂದ ಇಳಿದ ಕೂಡಲೇ ಸಲಾಮು ಹೊಡೆದು, "ಮ್ಯಾಡಮ್, ಮಶೀನ್ ಪೀಛೆ ಆ ರಹೀ ಹೈ ಕ್ಯಾ?" ಎಂದು ಕೇಳಿದ. ಯಂತ್ರ ಹಿಂದಿನಿಂದ ಬರುತ್ತಿದೆಯೇ ಎಂದು. ಅವರು ನನ್ನ ಕಡೆ ನೋಡಿದರು. "ನಿಮ್ಮನ್ನು ಸ್ವಾಗತಿಸುತ್ತಿದ್ದಾನೆ" ಎಂದು ಇಂಗ್ಲಿಷಿನಲ್ಲಿ ಹೇಳಿದೆ. ನನ್ನ ಸುಳ್ಳು ಅನುವಾದಗಳು ಹೀಗೆ ಮೊದಲ ದಿನವೇ ಶುರುವಾದವು.

ಇಂಗ್ರಿಡ್ ವರ್ಷದಲ್ಲಿ ಆರು ತಿಂಗಳು ಹಿಮ ಬೀಳುವ ದೇಶದವರು. ಎತ್ತರದ ಆಳು, ಬೆಳ್ಳಗಾದ ಕೂದಲು, ಗಡಿಯಾರದ ಮುಳ್ಳಿನ ಹಾಗೆ ಶಿಸ್ತು. ನಗುವುದಿಲ್ಲ. ಬೈಯುವುದೂ ಇಲ್ಲ. ಒಂಬತ್ತು ಗಂಟೆಯ ಪಾಠಕ್ಕೆ ನಮ್ಮ ಹನ್ನೆರಡು ಅಧಿಕಾರಿಗಳು ಒಂಬತ್ತೂವರೆಗೆ ಬಂದರೆ, ಆ ಅರ್ಧ ಗಂಟೆ ಖಾಲಿ ಕುರ್ಚಿಗಳಿಗೇ ಪಾಠ ಮಾಡಿರುತ್ತಿದ್ದರು.

ಮೊದಲ ಪಾಠದ ಉದಾಹರಣೆ ಅವರ ದೇಶದ್ದು: ಸಮುದ್ರದಲ್ಲಿ ಸಾಕುವ ಮೀನಿಗೆ ಮೇವು ಮಾರುವ ಕಂಪನಿಗಳು ಒಟ್ಟಿಗೆ ಬೆಲೆ ಏರಿಸಿದ ಕತೆ. ನಮ್ಮವರು ಆಕಳಿಸತೊಡಗಿದರು. ಮರಾಠವಾಡಾದಲ್ಲಿ ಕುಡಿಯುವ ನೀರಿಗೇ ಟ್ಯಾಂಕರ್ ಬರಬೇಕು, ಮೀನಿನ ಮೇವು ಯಾರಿಗೆ ಬೇಕು? ನಾನು ಅನುವಾದಿಸುವಾಗ ಸದ್ದಿಲ್ಲದೆ ಮೀನು ತೆಗೆದು ದ್ರಾಕ್ಷಿ ಹಾಕಿದೆ, ಮೇವು ತೆಗೆದು ದ್ರಾಕ್ಷಿ ತುಂಬುವ ಡಬ್ಬ ಹಾಕಿದೆ. ಕೋಣೆ ಎದ್ದು ಕುಳಿತಿತು. ಮೇಜು ಗುದ್ದಿದರು, ನಾಶಿಕದ ಇಬ್ಬರಂತೂ ಡಬ್ಬದವರ ಹೆಸರು ಹೇಳಿ ಎಂದು ಪಟ್ಟು ಹಿಡಿದರು. ಈ ಜನಕ್ಕೆ ಮೀನಿನ ಮೇಲೆ ಎಂಥ ಪ್ರೀತಿ ಎಂದು ಇಂಗ್ರಿಡ್‌ಗೆ ಅಚ್ಚರಿ. ತಮ್ಮ ವರದಿಯಲ್ಲಿ ಅದನ್ನು ಬರೆದೇಬಿಟ್ಟರು. ಮರು ತಿಂಗಳು ಅವರ ದೇಶದಿಂದ ಮೀನು ಸಾಕಣೆಯ ಪುಸ್ತಕಗಳ ಒಂದು ಪೆಟ್ಟಿಗೆ ಬಂತು. ವಾಚ್‌ಮನ್ ಅದನ್ನು ಸಿಮೆಂಟಿನ ಕಟ್ಟೆಯ ಮೇಲೆ ಇಡಿಸಿ, ಕಟ್ಟಿದ್ದಕ್ಕೂ ಸಾರ್ಥಕವಾಯಿತು ಎಂದ.

ಸೀರೆಯ ಊರು ಯೇವಲಾಕ್ಕೆ ಹೋದ ದಿನ ಇನ್ನೂ ಚೆನ್ನಾಗಿತ್ತು. ಪೈಠಣಿ ಸೀರೆ ಕೊಂಡವರ ಅನುಭವ ಕೇಳಬೇಕೆಂದು ಇಂಗ್ರಿಡ್ ನಾಲ್ಕು ಹಾಳೆಯ ಪ್ರಶ್ನಾವಳಿ ತಂದಿದ್ದರು. ಪ್ರತಿ ಪ್ರಶ್ನೆಗೂ ಒಂದರಿಂದ ಐದರವರೆಗೆ ಅಂಕ ಕೊಡಬೇಕು. ಅಂಗಡಿಯ ಮುಂದೆ ಸಿಕ್ಕ ಮೊದಲ ಅಜ್ಜಿಗೆ ಹದಿನೈದು ದಿನದ ಹಿಂದೆ ಕೈಮಗ್ಗದ್ದೆಂದು ಯಂತ್ರದ ಸೀರೆ ಕೊಟ್ಟಿದ್ದರಂತೆ, ಅದಕ್ಕೇ ಜಗಳ ಕಾಯಲು ಬಂದಿದ್ದಳು. ನಾನು ಪ್ರಶ್ನೆ ಓದಿದೆ: ನಿಮಗೆ ಎಷ್ಟು ತೃಪ್ತಿಯಾಗಿದೆ, ಅಂಕ ಕೊಡಿ. ಅಜ್ಜಿ ಕೇಳಿದಳು: "ಪಾಚ್ ದಿಲೇ ತರ್ ಸಾಡೀ ಬದಲೂನ್ ದೇತೀಲ್ ಕಾ?" ಐದು ಕೊಟ್ಟರೆ ಸೀರೆ ಬದಲಾಯಿಸಿ ಕೊಡುತ್ತಾರಾ? ಈ ಸಲ ನಾನು ಇದ್ದದ್ದನ್ನು ಇದ್ದ ಹಾಗೆ ಅನುವಾದಿಸಿದೆ. ಇಂಗ್ರಿಡ್ ನಾಲ್ಕೂ ಹಾಳೆ ಮಡಚಿ ಚೀಲಕ್ಕೆ ಹಾಕಿದರು. ಅಜ್ಜಿಯ ಜೊತೆ ಅಂಗಡಿಗೆ ಹೋಗಿ ಸೀರೆ ತಿರುಗಿಸಿ ಹಿಂಬದಿಯ ದಾರದಲ್ಲಿ ಯಂತ್ರದ ನೇಯ್ಗೆ ಪತ್ತೆ ಮಾಡಿದರು, ಬದಲಾಯಿಸಿಯೂ ಕೊಡಿಸಿದರು. ಆವತ್ತಿನಿಂದ ನಮ್ಮ ಕಚೇರಿಯ ಪ್ರಶ್ನಾವಳಿ ಒಂದೇ ಪುಟದ್ದಾಯಿತು.

ಆಮೇಲೆ ಶೇಂದ್ರಾ. ಅಲ್ಲಿಯ ಒಂದು ಕಾರ್ಖಾನೆಯ ಕ್ಯಾಂಟೀನ್ ಟೆಂಡರಿನ ಕಾಗದಗಳನ್ನು ಇಂಗ್ರಿಡ್ ತಮ್ಮ ಹೊಸ ಕಂಪ್ಯೂಟರ್ ಪ್ರೋಗ್ರಾಮಿಗೆ ಉಣ್ಣಿಸಿದರು. ಮೊದಲೆಲ್ಲ ನಾವು ಕಡತಗಳನ್ನು ಪಕ್ಕಪಕ್ಕ ಇಟ್ಟು, ಬೆರಳು ನೆಕ್ಕಿ ಪುಟ ತಿರುವಿ, ಹೋಲಿಸಿ ನೋಡುತ್ತಿದ್ದೆವು. ಇದು ಕಣ್ಣು ಮಿಟುಕಿಸುವುದರಲ್ಲಿ ಹೇಳಿತು: ಏಳು ಜನ ಟೆಂಡರು ಹಾಕಿದ್ದಾರೆ, ಏಳರಲ್ಲೂ ಒಂದೇ ಮೊಬೈಲ್ ನಂಬರು! ಪರದೆಯ ಮೇಲೆ ಕೆಂಪು ದೀಪ. ಹನ್ನೆರಡು ಜನ ಚಪ್ಪಾಳೆ ತಟ್ಟಿದರು. ನಾನು ಆ ನಂಬರಿಗೆ ಫೋನು ಮಾಡಿದೆ. "ಬೋಲಾ, ಝೆರಾಕ್ಸ್ ಕೀ ಟಾಯಪಿಂಗ್?" ಎಂದಿತು ಆ ಕಡೆಯ ದನಿ. ಹೇಳಿ, ಝೆರಾಕ್ಸೋ ಟೈಪಿಂಗೋ ಎಂದು. ಗೇಟಿನ ಎದುರಿನ ಟೈಪಿಂಗ್ ಅಂಗಡಿಯವನು. ಏಳೂ ಜನ ಅವನ ಹತ್ತಿರವೇ ಟೆಂಡರು ಬರೆಸಿದ್ದರು, ನಂಬರು ಕೇಳಿದ ಜಾಗದಲ್ಲಿ ಅವನು ಏಳಕ್ಕೂ ತನ್ನದೇ ಹಾಕಿದ್ದ. ನನಗೆ ನಗು ಹತ್ತಿ ಪಡಸಾಲೆಗೆ ಓಡಿದೆ. ಇಂಗ್ರಿಡ್ ಮಾತ್ರ ಗಂಭೀರವಾಗಿ ಬೋರ್ಡಿನ ಮೇಲೆ ಬರೆದರು: ಕಳ್ಳನನ್ನು ಹುಡುಕುವ ಮೊದಲು ಬರೆದುಕೊಟ್ಟವರನ್ನು ಹುಡುಕಿ. ನಾನೇ ಅದನ್ನು ಮರಾಠಿಗೆ ಅನುವಾದಿಸಿ ಎಲ್ಲರಿಗೂ ಬರೆಸಿದೆ. ಬರೆದುಕೊಟ್ಟವರಲ್ಲಿ ನಾನೂ ಒಬ್ಬಳು ಎಂಬುದು ಆಗ ತಲೆಗೇ ಹೊಳೆಯಲಿಲ್ಲ.

ಈಗ ವಾಸಣ್ಣನ ಕಾಗದಕ್ಕೆ ಬರುತ್ತೇನೆ.

ಇಪ್ಪತ್ತು ವರ್ಷಗಳಷ್ಟು ಹಿಂದೆ ನನ್ನ ಯಜಮಾನರಿಗೆ ಬ್ಯಾಂಕಿನಲ್ಲಿ, ನನಗೆ ನನ್ನ ಹಳೆಯ ಇಲಾಖೆಯಲ್ಲಿ, ಇಬ್ಬರಿಗೂ ನಾಶಿಕಕ್ಕೆ ವರ್ಗವಾಗಿತ್ತು. ಸಾಮಾನಿನ ಲಾರಿ ದಾರಿಯಲ್ಲಿ ಕೆಟ್ಟು, ನಮ್ಮ ಒಲೆ ಪಾತ್ರೆಗಳೆಲ್ಲ ಎಲ್ಲೋ ನಿಂತವು. ಮೂಲೆಯ ಹೋಟೆಲಿಗೆ ಊಟಕ್ಕೆ ಹೋದರೆ ಗಲ್ಲಾದ ಮೇಲೆ ಕೂತವರು ನಮ್ಮ ಮಾತು ಕೇಳಿ, "ಕನ್ನಡವಾ? ಹಾಗಾದ್ರೆ ಊಟಕ್ಕೆ ಇಲ್ಲಿಗೆ ಬರುದು ಬೇಡ, ಮನೆಗೇ ಬರ್ತದೆ" ಎಂದರು. ಅವರೇ ಕೋಟದ ಕಡೆಯ ವಾಸುದೇವ ಐತಾಳರು, ಎಲ್ಲರ ವಾಸಣ್ಣ. ಲಾರಿ ಬರುವವರೆಗೆ ಹದಿನಾಲ್ಕು ದಿನ ಎರಡೂ ಹೊತ್ತು ಡಬ್ಬ ಬಂತು. ಮಗಳಿಗೆ ಕಾಮಾಲೆಯಾದಾಗ ತಿಂಗಳಿಡೀ ಗಂಜಿ ಬಂತು. ಉಪಕಾರ ತೀರಿಸುವುದು ಹೇಗೆ ಎಂದು ನಾನು ಹುಡುಕುತ್ತಿದ್ದಾಗ ಅವರೇ ಒಂದು ದಿನ ಬಂದರು. ನಮ್ಮ ಕಡೆಯ ಹೋಟೆಲಿನವರೆಲ್ಲ ಸೇರಿ ಒಂದು ಸಂಘ ಮಾಡಿದ್ದೇವೆ, ಒಂದು ಠರಾವು ಬರೆದುಕೊಡಬೇಕು ಎಂದರು. "ನಿಮ್ಮ ಅಕ್ಷರ ಅಂದ್ರೆ ಮುತ್ತು, ಸುಮಿತ್ರಕ್ಕ. ಸರಕಾರಿ ಭಾಷೆ ಬೇರೆ ಗೊತ್ತುಂಟು."

ಬರೆದುಕೊಟ್ಟೆ. ಒಂದು: ಸಂಘವು ಪ್ರತಿ ಯುಗಾದಿಯಂದು ನಿಗದಿಪಡಿಸಿದ ದರದಲ್ಲಿಯೇ ಸರ್ವ ಸದಸ್ಯರೂ ಇಡ್ಲಿ, ವಡೆ, ದೋಸೆ, ಚಹಾ ಮಾರತಕ್ಕದ್ದು. ಎರಡು: ಅದಕ್ಕಿಂತ ಕಡಿಮೆಗೆ ಮಾರಿದವರು ಸಂಘದ ಒಗ್ಗಟ್ಟಿಗೆ ದ್ರೋಹ ಬಗೆದವರೆಂದು ತಿಳಿಯತಕ್ಕದ್ದು. ಇಷ್ಟು ಬರೆದ ಮೇಲೆ ವಾಸಣ್ಣ ತಲೆ ಕೆರೆದುಕೊಂಡರು. "ದಂಡ ಅಂತ ಇಟ್ರೆ ಯಾರು ಕೊಡ್ತಾರೆ ಅಕ್ಕ? ಇಡದಿದ್ರೆ ಯಾರು ಹೆದರ್ತಾರೆ?" ನನಗೆ ತಟ್ಟನೆ ಹೊಳೆಯಿತು. ಮೂರು: ತಪ್ಪಿದವರು ಸತ್ಯನಾರಾಯಣ ಪೂಜೆ ಮಾಡಿಸಿ ಸರ್ವರಿಗೂ ಊಟ ಹಾಕತಕ್ಕದ್ದು. ವಾಸಣ್ಣ ಕುಣಿದಾಡಿದರು. ಹೋಟೆಲಿನವನಿಗೆ ಇನ್ನೊಬ್ಬ ಹೋಟೆಲಿನವನು ತನ್ನ ಅಡಿಗೆ ತಿಂದು ಹುಳುಕು ತೆಗೆದು ಹೆಸರಿಡುವುದಕ್ಕಿಂತ ದೊಡ್ಡ ಶಿಕ್ಷೆ ಬೇರೆ ಇಲ್ಲವಂತೆ. ಕಾಗದಕ್ಕೆ ಕಟ್ಟು ಹಾಕಿಸಿ, ದೇವರ ಗೋಡೆಗೆ ಏರಿಸಿದರು. ಯಾರಿಂದಲೂ ಮುಚ್ಚಿಡಲಿಲ್ಲ. ಒಂದು ಮಾತಿಗೆ ಎಲ್ಲರೂ ನಿಲ್ಲುವುದು ಮರ್ಯಾದಸ್ಥರ ಲಕ್ಷಣವೆಂದೇ ಅವರೂ ತಿಳಿದಿದ್ದರು, ನಾನೂ ತಿಳಿದಿದ್ದೆ.

ತರಬೇತಿಯ ಕೊನೆಯ ಭಾಗ ನಾಶಿಕದಲ್ಲಿತ್ತು. ಒಂದು ದಿಢೀರ್ ತಪಾಸಣೆಯನ್ನು ನಾಟಕದ ಹಾಗೆ ಮಾಡಿಸಿ ಕಲಿಸಬೇಕು, ಅದಕ್ಕೆ ಒಂದು ಜಾಗ ಬೇಕು. ನಾನು ವಾಸಣ್ಣನನ್ನು ಕೇಳಿದೆ. ಮಂಗಳವಾರ ಹೋಟೆಲಿಗೆ ರಜೆ, ಬನ್ನಿ ಎಂದರು. ಬೆಳಿಗ್ಗೆ ಮಹಡಿಯ ಹಾಲಿನಲ್ಲಿ ಪಾಠ, ಮಧ್ಯಾಹ್ನ ಕೆಳಗೆ ತಪಾಸಣೆ.

ಆ ಬೆಳಗಿನ ಪಾಠವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಇಂಗ್ರಿಡ್ ಹೇಳುತ್ತಿದ್ದರು, ನಾನು ಮರಾಠಿಯಲ್ಲಿ ಹೇಳುತ್ತಿದ್ದೆ: "ಬೆಲೆ ಕಟ್ಟುವವರ ಒಪ್ಪಂದ ತಾನಾಗಿ ಉಳಿಯುವುದಿಲ್ಲ. ಮುರಿದವರಿಗೆ ಶಿಕ್ಷೆ ಇರಬೇಕು. ಒಪ್ಪಂದದ ನಿಜವಾದ ತಲೆ ಯಾರೆಂದರೆ, ಆ ಶಿಕ್ಷೆಯನ್ನು ಕಂಡುಹಿಡಿದವರು." ಅಷ್ಟು ಹೇಳುವಾಗ ನನಗೆ ವಾಸಣ್ಣನ ಕಾಗದದ ಮೂರನೆಯ ಸಾಲು ನೆನಪಾಯಿತು. ಅಲ್ಲಿಯವರೆಗೆ ಎಷ್ಟೋ ಸಲ ಆ ಗೋಡೆಯ ಕೆಳಗೆ ಕೂತು ದೋಸೆ ತಿಂದಿದ್ದೇನೆ, ಒಂದು ಸಲವೂ ಎರಡನ್ನೂ ಸೇರಿಸಿ ನೋಡಿರಲಿಲ್ಲ. ಹಿಂದೆ ಕಾಫಿಯ ತಟ್ಟೆ ಹಿಡಿದು ನಿಂತಿದ್ದ ವಾಸಣ್ಣನಿಗೆ ಮರಾಠಿ ನನಗಿಂತ ಚೆನ್ನಾಗಿ ಬರುತ್ತದೆ. ಅವರ ಮುಖ ಅಕ್ಕಿ ಹಿಟ್ಟಿನ ಹಾಗೆ ಬೆಳ್ಳಗಾಗಿತ್ತು. ಇಂಗ್ರಿಡ್ ಮುಂದುವರಿಸಿದರು: "ಆದರೆ ಕಾನೂನಿನಲ್ಲಿ ಒಂದು ಬಾಗಿಲು ತೆರೆದಿರುತ್ತದೆ. ಒಪ್ಪಂದದವರಲ್ಲಿ ಯಾರು ಮೊದಲು ಬಂದು ನಿಜ ಹೇಳುತ್ತಾರೋ ಅವರಿಗೆ ಪೂರ್ತಿ ಮಾಫಿ. ಎರಡನೆಯವರಿಗೆ ಅರ್ಧ."

ಪಾಠ ಮುಗಿದದ್ದೇ ವಾಸಣ್ಣ ನನ್ನನ್ನು ಮೆಟ್ಟಿಲ ಮೇಲೆ ಹಿಡಿದರು. "ಅಕ್ಕ, ಆ ಅಮ್ಮ ಹೇಳಿದ್ದು ನಮ್ಮ ಕಾಗದದ ವಿಷ್ಯವಾ?"

"ಹೌದ್ರೀ ವಾಸಣ್ಣಾ. ಮೊದಲ ಅದನ್ನ ಗ್ವಾಡೀ ಮ್ಯಾಲಿಂದ ಇಳಸ್ರಿ."

"ಇವತ್ತು ಮಂಗಳವಾರ ಅಲ್ವಾ? ದೇವರ ಗೋಡೆಯಿಂದ ಮಂಗಳವಾರ ಎಂತದನ್ನೂ ಇಳಿಸುವಂತಿಲ್ಲ. ಅಪ್ಪಯ್ಯನ ಕಾಲದಿಂದ ನಡ್ಕೊಂಡು ಬಂದದ್ದು."

"ನನ್ನ ನೌಕರಿ ಇಳೀತದಲ್ರೀ!"

"ನಾಳೆ ಬೆಳಿಗ್ಗೆ ಮೊದಲ ಕೆಲಸ ಅದೇ, ಆಯ್ತಾ?" ಎಂದು ಅವರು ಕೆಳಗಿಳಿದು ಆ ಕಾಗದಕ್ಕೆ ಇನ್ನೊಂದು ದಾಸವಾಳ ಮುಡಿಸಿದರು. ನನಗೆ ನಗು ಒತ್ತರಿಸಿ ಬಂತು. ಹೆದರಿಕೆಯ ನಗು, ಹೊಟ್ಟೆ ಹಿಡಿದು ಮೆಟ್ಟಿಲ ಮೇಲೆ ಕೂತೆ.

ಮಧ್ಯಾಹ್ನದ ತಪಾಸಣೆ ಹೀಗಾಯಿತು. ಇಂಗ್ರಿಡ್ ಮೂರು ಸುಳ್ಳು ಒಪ್ಪಂದಪತ್ರ ತಯಾರಿಸಿ ಹೋಟೆಲಿನಲ್ಲಿ ಬಚ್ಚಿಟ್ಟಿದ್ದರು. ಹನ್ನೆರಡು ಅಧಿಕಾರಿಗಳು ಅವನ್ನು ಹುಡುಕಬೇಕು. ಅಡಿಗೆಯ ಮಂಜಯ್ಯನಿಗೆ ಇದು ಯಾವುದೂ ಗೊತ್ತಿರಲಿಲ್ಲ. ಸುಮಿತ್ರಕ್ಕ ಕರೆತಂದ ನೆಂಟರು ಎಂದು ತಿಳಿದು ರಜೆಯಲ್ಲೂ ಒಲೆ ಹಚ್ಚಿದ್ದ. ಅಧಿಕಾರಿಗಳು ಸರಕಾರಿ ಗುರುತುಚೀಟಿ ಎತ್ತಿ ಹಿಡಿದು "ಯಾರೂ ಅಲುಗಾಡಬೇಡಿ" ಎಂದು ಕೂಗುತ್ತಾ ನುಗ್ಗಿದರೆ, ಅವನು "ಬನ್ನಿ ಬನ್ನಿ, ಕೈ ತೊಳ್ಕೊಳಿ" ಎಂದ. ಅಕ್ಕಿ ಡಬ್ಬದ ಕೆಳಗಿನ ಪತ್ರ ಅವನಿಗೆ ಬೆಳಿಗ್ಗೆಯೇ ಸಿಕ್ಕಿತ್ತು. ಒಳ್ಳೆ ದಪ್ಪ ಕಾಗದ ಎಂದು ತಟ್ಟೆಗೆ ಹಾಸಿ ಅದರ ಮೇಲೆ ವಡೆ ಬಸಿದಿದ್ದ. ಇನ್ನೊಂದನ್ನು ಒಲೆ ಹಚ್ಚುವುದಕ್ಕೆ ಬಳಸಿದ್ದ. ಮೂರನೆಯದು ಇಂದಿಗೂ ಸಿಕ್ಕಿಲ್ಲ. ಒಂದು ಗಂಟೆಯ ಮೇಲೆ ಹನ್ನೆರಡೂ ಜನ ಸಾಲಾಗಿ ಕೂತು, ಎಣ್ಣೆ ಕುಡಿದ ಸಾಕ್ಷ್ಯದ ಮೇಲಿನ ವಡೆ ತಿನ್ನುತ್ತಿದ್ದರು.

ಇಂಗ್ರಿಡ್ ಸೋತು ಗಲ್ಲಾದ ಎದುರಿನ ಕುರ್ಚಿಯಲ್ಲಿ ಕೂತರು. ಕಾಫಿ ಲೋಟ ಎತ್ತಿದರು, ಕಣ್ಣು ಎತ್ತಿದರು. "ದೇವರುಗಳ ನಡುವೆ ಇರುವುದು ಏನು?" ಎಂದು ಕೇಳಿದರು.

ಅಲ್ಲಿದ್ದವರಲ್ಲಿ ಕನ್ನಡ ಓದಬಲ್ಲವರು ಮೂವರು: ನಾನು, ವಾಸಣ್ಣ, ಮಂಜಯ್ಯ. ಮಂಜಯ್ಯ ಒಳಗೆ ಇನ್ನೊಂದು ಘಾಣ ವಡೆ ಎಣ್ಣೆಗೆ ಬಿಡುತ್ತಿದ್ದ. ವಾಸಣ್ಣ ನನ್ನನ್ನು ನೋಡಿದರು. ನಿಜ ಹೇಳಿದರೆ ನನ್ನ ನೌಕರಿ, ಅವರ ಸಂಘ ಎರಡೂ ಹೋಗುತ್ತವೆ. ಹೇಳದಿದ್ದರೆ ಏನಿಲ್ಲ.

"ಪ್ರಾರ್ಥನೆ. ವ್ಯಾಪಾರ ಶುರು ಮಾಡುವ ಮುಂಚೆ ಹೇಳುವುದು" ಎಂದೆ.

ಅಷ್ಟಕ್ಕೆ ಬಿಡುವ ಹೆಂಗಸೇ ಅವರು? ಸಾಲು ಸಾಲಾಗಿ ಅರ್ಥ ಹೇಳಿ ಎಂದರು. ಹೇಳಿದೆ. "ಮೊದಲನೆಯದು: ನಮ್ಮೊಳಗೆ ಹೆಚ್ಚುಕಡಿಮೆ ಬೇಡ, ಎಲ್ಲರೂ ಸಮಾನರಾಗಿರಲಿ. ಎರಡನೆಯದು: ನಮ್ಮ ಒಗ್ಗಟ್ಟು ಮುರಿಯದಿರಲಿ. ಮೂರನೆಯದು: ತಪ್ಪು ಮಾಡಿದವನಿಗೂ ಎಲ್ಲರಿಗೆ ಅನ್ನ ಹಾಕುವ ಬುದ್ಧಿ ಬರಲಿ."

ಇಂಗ್ರಿಡ್ ಎದ್ದು ನಿಂತರು. ಅವರ ಕಣ್ಣು ತೇವವಾಗಿತ್ತು. ಎರಡೂ ಕೈ ಜೋಡಿಸಿದರು. ಅದನ್ನು ನೋಡಿ ಹನ್ನೆರಡೂ ಜನ ವಡೆ ಕೆಳಗಿಟ್ಟು, ಬೂಟು ಕಳಚಿ, ಕೈ ಮುಗಿದರು. ವಾಸಣ್ಣನೂ ಮುಗಿದರು. ನಾನು ಸೆರಗು ಬಾಯಿಗೆ ತುರುಕಿಕೊಂಡೆ, ಭಕ್ತಿ ಹೆಚ್ಚಾಗಿದೆ ಎಂದು ನೋಡಿದವರು ತಿಳಿದರು. ಇಂಗ್ರಿಡ್ ಹೋಗುವ ಮುಂಚೆ ಆ ಕಾಗದದ ಫೋಟೋ ತೆಗೆದುಕೊಂಡರು.

ಮೂರು ವಾರ ಕಳೆಯಿತು. ತರಬೇತಿಯ ಕೈಪಿಡಿ ಸಂಭಾಜಿನಗರದಲ್ಲಿ ಬಿಡುಗಡೆಯಾಗಬೇಕಿತ್ತು. ಹಿಂದಿನ ದಿನ ಮಧ್ಯಾಹ್ನ ಮುಂಬೈಯ ಪ್ರೆಸ್ಸಿನಿಂದ ಇನ್ನೂರು ಪ್ರತಿಗಳ ಪೆಟ್ಟಿಗೆ ಬಂತು. ನಾನೇ ಟೇಪು ಕತ್ತರಿಸಿದೆ. ಹೊದಿಕೆಯ ತುಂಬಾ, ದಾಸವಾಳದ ಸಮೇತ, ನನ್ನ ಠರಾವು. ಒಂದು, ಎರಡು, ಮೂರು, ಪ್ರತಿ ಅಕ್ಷರವೂ ಮುತ್ತಿನ ಹಾಗೆ ಸ್ಪಷ್ಟ. ಬೆಲೆ ಕಟ್ಟುವುದನ್ನು ಹಿಡಿಯುವುದು ಹೇಗೆ ಎಂದು ಕಲಿಸುವ ಪುಸ್ತಕದ ಮೇಲೆ ಬೆಲೆ ಕಟ್ಟುವ ಒಪ್ಪಂದ! ಇನ್ನೂ ಒಂದಿತ್ತು. ಬಿಡುಗಡೆಗೆ ದಿಲ್ಲಿಯಿಂದ ಬರುವವರು ನಮ್ಮ ವರಿಷ್ಠರಾದ ಶ್ರೀಕಂಠಯ್ಯನವರು, ಮೈಸೂರಿನವರು. ಪರ ಊರಿನಲ್ಲಿ ಕನ್ನಡದ ಬೋರ್ಡು ಕಂಡರೆ ಕಾರು ನಿಲ್ಲಿಸಿ ಗಟ್ಟಿಯಾಗಿ ಓದುವ ಜಾತಿ.

ವಾಸಣ್ಣನಿಗೆ ಫೋನು ಮಾಡಿ ಎಲ್ಲಾ ಹೇಳಿದೆ. ನಾಳೆ ಬೆಳಿಗ್ಗೆ ಹೋಗಿ ಇಂಗ್ರಿಡ್‌ಗೆ ನಿಜ ಹೇಳುತ್ತೇನೆ, ನೌಕರಿ ಹೋದರೆ ಹೋಗಲಿ ಎಂದೆ. "ಅವಸರ ಮಾಡ್ಬೇಡಿ ಅಕ್ಕ. ಒಂಬತ್ತು ಗಂಟೆ ಮೇಲೆ ಹೋಗಿ, ರಾಹುಕಾಲ ಉಂಟು" ಎಂದು ಫೋನಿಟ್ಟರು.

ಮರುದಿನ ಒಂಬತ್ತಾದ ಮೇಲೆ ಗೆಸ್ಟ್ ಹೌಸಿಗೆ ಹೋದೆ. ಗೇಟಿನ ತನಕ ಹೋಗಿ ಎರಡು ಸಲ ಹಿಂದೆ ಬಂದೆ. ಮೂರನೆಯ ಸಲ ಒಳಗೆ ಕಾಲಿಟ್ಟರೆ, ಇಂಗ್ರಿಡ್‌ರ ಎದುರು, ಇಸ್ತ್ರಿ ಮಾಡಿದ ಬಿಳಿ ಪಂಚೆ ಉಟ್ಟು, ಎರಡೂ ಮೊಣಕಾಲ ಮೇಲೆ ಕೈಯಿಟ್ಟು, ವಾಸಣ್ಣ ಕೂತಿದ್ದಾರೆ! ನಸುಕಿನಲ್ಲೇ ನಾಶಿಕದಿಂದ ಕಾರು ಹೊರಡಿಸಿದ್ದರು. ರಾಹುಕಾಲವೂ ಇಲ್ಲ, ಏನೂ ಇಲ್ಲ. ಮೇಜಿನ ಮೇಲೆ ಕಟ್ಟು ಹಾಕಿದ ಠರಾವು, ಅದರ ಪಕ್ಕ ಒಂದು ಬಿಳಿ ಹಾಳೆ.

"ಒಳ್ಳೆಯದಾಯಿತು, ಬಂದಿರಿ" ಎಂದರು ಇಂಗ್ರಿಡ್. "ಇವರು ಅರ್ಧ ಗಂಟೆಯಿಂದ ತಮಗೆ ಬಂದಷ್ಟು ಇಂಗ್ಲಿಷಿನಲ್ಲಿ ತಾನು ಮೊದಲನೆಯವನು ಎನ್ನುತ್ತಿದ್ದಾರೆ. ಇದು ಪ್ರಾರ್ಥನೆಯಲ್ಲ, ಬೆಲೆಯ ಒಪ್ಪಂದ ಎನ್ನುತ್ತಿದ್ದಾರೆ. ಬರೆದವರು ಯಾರು ಎಂದು ಕೇಳಿದೆ, ತಾನೇ ಎಂದರು. ಹಾಗಾದರೆ ಒಂದು ಸಾಲು ಬರೆಯಿರಿ ಎಂದೆ. ಇದನ್ನು ಬರೆದರು. ಏನೆಂದು ಓದಿ ಹೇಳಿ."

ಹಾಳೆ ತೆಗೆದುಕೊಂಡೆ. ಕಾಗೆ ಕಾಲು ಗುಬ್ಬಿ ಕಾಲು. ವಾಸಣ್ಣ ಮೂರನೇ ಇಯತ್ತೆಗೆ ಶಾಲೆ ಬಿಟ್ಟು ಹೋಟೆಲು ಸೇರಿದವರು. ಒಂದೊಂದು ಅಕ್ಷರಕ್ಕೂ ಎಷ್ಟು ಬೆವರಿದ್ದರೋ, ಹಾಳೆ ಒದ್ದೆಯಾಗಿತ್ತು. ಬರೆದದ್ದು ಇಷ್ಟೇ: ಇದು ನನ್ನ ಅಕ್ಷರ.

ಕನ್ನಡ ಬಾರದ ಕಣ್ಣಿಗೂ ಅದು ಸುಳ್ಳೆಂದು ಕಾಣುತ್ತಿತ್ತು. ಮೂರು ವಾರದ ಹಿಂದೆ ಅದೇ ಅಕ್ಷರದ ಮುಂದೆ ನಿಂತು ಅನುವಾದ ಮಾಡಿದವಳಿಗೆ ಈಗ ಇನ್ನೊಂದು ಅನುವಾದದ ಸರದಿ. ವಾಸಣ್ಣ ನನ್ನ ಕಡೆ ನೋಡಿ, ಬೇಡ ಎಂದು ಕಣ್ಣಲ್ಲೇ ಬೇಡಿಕೊಂಡರು. "ಇದು ನನ್ನ ಅಕ್ಷರ ಎಂದು ಬರೆದಿದ್ದಾರೆ. ಸುಳ್ಳು. ಅಕ್ಷರ ನನ್ನದು. ಮೂರನೆಯ ಕಲಮಿನ ಶಿಕ್ಷೆಯನ್ನು ಕಂಡುಹಿಡಿದವಳೂ ನಾನೇ. ಆವತ್ತು ನಿಮಗೆ ಹೇಳಿದ ಅರ್ಥವೂ ಸುಳ್ಳು" ಎಂದೆ. ಆಮೇಲೆ ಮೂರೂ ಕಲಮುಗಳನ್ನು ಇದ್ದ ಹಾಗೆ ಓದಿ ಹೇಳಿದೆ.

"ಎಂತಕ್ಕೆ ಹೇಳಿದ್ರಿ ಅಕ್ಕ?" ವಾಸಣ್ಣ ಕುರ್ಚಿಯಿಂದ ಎದ್ದೇಬಿಟ್ಟರು. "ನಂದು ಹೋಟ್ಲು. ಹೆಚ್ಚಂದ್ರೆ ಎಂತಾದ್ರೂ ದಂಡ ಹಾಕ್ತಾರೆ, ಮತ್ತೆ ದೋಸೆ ಹೊಯ್ತೇನೆ. ನಿಮ್ಮದು ಹೋದ್ರೆ ಬರ್ತದಾ? ನಾನು ಕೇಳಿಕೊಂಡದ್ದಕ್ಕೇ ಅಲ್ವಾ ನೀವು ಬರೆದದ್ದು?"

ನನಗೆ ಅಳು ಬಂತು, ನಗುವೂ ಬಂತು. ಎರಡೂ ಒಟ್ಟಿಗೆ ಬಂದರೆ ಬಿಕ್ಕಳಿಕೆ ಬರುತ್ತದೆ ಎಂದು ಆವತ್ತು ಗೊತ್ತಾಯಿತು. ಇಂಗ್ರಿಡ್ ಒಮ್ಮೆ ಠರಾವು ನೋಡಿದರು, ಒಮ್ಮೆ ಹಾಳೆ ನೋಡಿದರು. "ತಪ್ಪು ಮಾಡಿದವನಿಗೂ ಎಲ್ಲರಿಗೆ ಅನ್ನ ಹಾಕುವ ಬುದ್ಧಿ ಬರಲಿ" ಎಂದು ನನ್ನ ಹಳೆಯ ಸುಳ್ಳನ್ನು ಮೆಲ್ಲಗೆ ಹೇಳಿಕೊಂಡರು. ಆಮೇಲೆ ಆ ಹೆಂಗಸು ನಕ್ಕರು ನೋಡಿ! ಆರು ತಿಂಗಳಿಂದ ಕೂಡಿಟ್ಟ ನಗು. ಕುರ್ಚಿ ಹಿಂದಕ್ಕೆ ಹೋಗಿ ಗೋಡೆಗೆ ಬಡಿಯಿತು, ಅಡಿಗೆಯವರು ಓಡಿ ಬಂದರು. ಕಣ್ಣೊರೆಸಿಕೊಂಡು ಬೆರಳು ಮಡಚಿ ಹೇಳಿದರು: "ಇವರು ಮೊದಲನೆಯವರು. ಪೂರ್ತಿ ಮಾಫಿ. ನೀವು ಎರಡನೆಯವರು. ಅರ್ಧ."

ಶ್ರೀಕಂಠಯ್ಯನವರು ಪಕ್ಕದ ಕೋಣೆಯಲ್ಲೇ ಇಳಿದಿದ್ದರು. ಗದ್ದಲ ಕೇಳಿ ಬಂದು, ನಾನು ತಂದು ಮೇಜಿನ ಮೇಲಿಟ್ಟಿದ್ದ ಕೈಪಿಡಿ ಕೈಗೆತ್ತಿಕೊಂಡು, ಅಭ್ಯಾಸಬಲದಿಂದ ಗಟ್ಟಿಯಾಗಿಯೇ ಓದಿದರು. ಮೂರನೆಯ ಕಲಮಿಗೆ ನಿಂತರು.

"ಏನ್ರೀ ಇದು? ಈ ಊಟದ ಕಲಮು ಯಾರ್ದ್ರೀ ಐಡಿಯಾ?"

"ನಂದರೀ ಸರ್."

"ಮೂವತ್ತು ವರ್ಷದ ಸರ್ವಿಸ್ಸಲ್ಲಿ ಇಂಥ ಗಟ್ಟಿ ಕಲಮು ನಾನು ನೋಡಿಲ್ಲ ಕಣ್ರೀ" ಎಂದರು. ಕೂತರು. ಕನ್ನಡಕ ಒರೆಸಿದರು. "ಮೆಮೊ ಮಾತ್ರ ಕೊಡಲೇಬೇಕು. ಕೊಡ್ತೀನಿ."

ಬಿಡುಗಡೆಗೆ ಎರಡೇ ಗಂಟೆ ಉಳಿದಿತ್ತು. ಇನ್ನೂರು ಹೊದಿಕೆ ಮುಚ್ಚುವುದು ಹೇಗೆ? ಕಚೇರಿಯ ಮುದ್ರೆಯ ಸ್ಟಿಕ್ಕರುಗಳು ಒಂದು ಕಟ್ಟು ಸಿಕ್ಕವು. ಹನ್ನೆರಡು ಅಧಿಕಾರಿಗಳು, ಇಂಗ್ರಿಡ್, ವಾಸಣ್ಣ, ವಾಚ್‌ಮನ್, ನಾನು, ಎಲ್ಲರೂ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಅಂಟಿಸಿದೆವು. ಸ್ಟಿಕ್ಕರು ಸಣ್ಣದಾಯಿತು. ಎರಡು ಕಲಮು ಮುಚ್ಚಿತು, ಮೂರನೆಯದರ ಕೊನೆಯ ತುಂಡು ಉಳಿಯಿತು. ಹಾಗಾಗಿ ಆ ಕೈಪಿಡಿ ಹೋದ ದೇಶಗಳಲ್ಲೆಲ್ಲ, ಗಂಭೀರವಾದ 'ತಾಂತ್ರಿಕ ನೆರವು' ಎಂಬ ಹೆಸರಿನ ಕೆಳಗೆ, ನನ್ನ ಅಕ್ಷರದಲ್ಲಿ ಕನ್ನಡದ ಮೂರು ಶಬ್ದಗಳಿವೆ: ಸರ್ವರಿಗೂ ಊಟ ಹಾಕತಕ್ಕದ್ದು.

ಮುಂದೆ ಆಗಬೇಕಾದದ್ದು ಆಯಿತು. ಸಂಘವು ಠರಾವನ್ನು ರದ್ದು ಮಾಡಿ ಬರೆದುಕೊಟ್ಟಿತು, ಇನ್ನು ಹಾಗೆ ಮಾಡಬಾರದೆಂದು ದಿಲ್ಲಿಯಿಂದ ಆದೇಶ ಬಂತು. ನನಗೆ ಮೆಮೊ ಬಂತು, ಒಂದು ಇನ್‌ಕ್ರಿಮೆಂಟ್ ನಿಂತಿತು, ನೌಕರಿ ಉಳಿಯಿತು. ವಾಸಣ್ಣನ ಎದುರಿನ ಹೋಟೆಲಿನವರು ಮರುವಾರವೇ ವಡೆಯ ಬೆಲೆ ಇಳಿಸಿದರು. ಇವರು ದೋಸೆಯ ಬೆಲೆ ಇಳಿಸಿ, ಗಿರಾಕಿ ಹೋಗದಿರಲಿ ಎಂದು ಚಟ್ನಿಗೆ ಕಾಯಿಯನ್ನೂ ಹೆಚ್ಚಿಸಿದರು. "ನಿಮ್ಮ ಕಾನೂನು ಬಂದು ನಮ್ಮ ಚಟ್ನಿ ದಪ್ಪ ಆಯ್ತು ನೋಡಿ" ಎಂದು ಈಗಲೂ ಫೋನಿನಲ್ಲಿ ಬೈಯುತ್ತಾರೆ. ನನ್ನ ಅರ್ಧ ಶಿಕ್ಷೆಯನ್ನು ಅವರೇ ವಿಧಿಸಿದರು: ಸತ್ಯನಾರಾಯಣ ಪೂಜೆ ಬೇಡ, ಊಟ ಮಾತ್ರ ಹಾಕತಕ್ಕದ್ದು. ನಾಶಿಕದ ಹೋಟೆಲಿನವರೆಲ್ಲ ನಮ್ಮ ಮನೆಗೆ ಬಂದು ನನ್ನ ಜೋಳದ ರೊಟ್ಟಿ, ಎಣ್ಣೆಗಾಯಿ ತಿಂದರು. ಒಬ್ಬರು ರೊಟ್ಟಿ ದಪ್ಪ ಎಂದರು, ಒಬ್ಬರು ಶೇಂಗಾ ಹಿಂಡಿಗೆ ಉಪ್ಪು ಮುಂದು ಎಂದರು. ಶಿಕ್ಷೆ ನಿಜವಾಗಿಯೂ ಭಯಂಕರವಾಗಿತ್ತು.

ಇಂಗ್ರಿಡ್ ತಮ್ಮ ದೇಶಕ್ಕೆ ಹೊರಟ ದಿನ ಕಡತದಿಂದ ಒಂದು ಹಾಳೆ ತೆಗೆದು ನನ್ನ ಕೈಗಿಟ್ಟರು. ಇದು ಸಾಕ್ಷ್ಯವಲ್ಲ, ನೀವೇ ಇಟ್ಟುಕೊಳ್ಳಿ ಎಂದರು. ನಾನು ಅದಕ್ಕೆ ಕಟ್ಟು ಹಾಕಿಸಿದೆ. ನಮ್ಮ ಮನೆಯ ದೇವರ ಗೋಡೆಯ ಮೇಲೆ, ಗಣಪತಿಗೂ ಲಕ್ಷ್ಮಿಗೂ ನಡುವೆ ಇದೆ. ಕಾಗೆ ಕಾಲು ಗುಬ್ಬಿ ಕಾಲಿನ ಒಂದು ಸಾಲು.

ಆವತ್ತು ಸಾಯಲಿ ನೋಟ್‌ಬುಕ್ಕು ಮುಚ್ಚಿ ಏಳುವಾಗ ಅದನ್ನು ನೋಡಿದಳು. ಅವಳಿಗೆ ಕನ್ನಡ ಓದಲು ಬಾರದು. ಚಪ್ಪಲಿ ಮೆಟ್ಟುವವಳು ನಿಂತು, "ಮ್ಯಾಡಮ್, ಹೀ ಪ್ರಾರ್ಥನಾ ಆಹೇ ಕಾ?" ಎಂದು ಕೇಳಿದಳು.

"ಹೋ, ಪ್ರಾರ್ಥನಾಚ್ ಆಹೇ" ಎಂದೆ. ಹೌದು, ಪ್ರಾರ್ಥನೆಯೇ ಎಂದು. ಈ ಸಲ ನನಗೆ ನಗು ಬರಲಿಲ್ಲ.